ಇಬ್ಬರ ಹೆಗಲ ಮೇಲಿನ ಹಗ್ಗ

ಅಮಾದೊ ಬರೆದ ಸಿನಿಮಾವನ್ನು ವಿಶ್ವವಿದ್ಯಾಲಯದ ಸಿನಿಮಾ ಸಂಘದವರು ಒಂದು ಮಧ್ಯಾಹ್ನ ತೋರಿಸಿದರು. ಅವನು ತೀರಿಕೊಂಡು ಆ ಭಾನುವಾರಕ್ಕೆ ವರ್ಷ ತುಂಬುವುದಿತ್ತು. ಹೆಂಡತಿ ಎಂದು ನನ್ನನ್ನು ಕರೆದಿದ್ದರು. ಬಾಗಿಲಲ್ಲಿ ಒಬ್ಬ ಹುಡುಗಿ ಕೊರಳಿಗೆ ಮಲ್ಲಿಗೆ ಹಾರ ಹಾಕಿ ಮುಂದಿನ ಸಾಲಿನ ನಡುವೆ ಕೂರಿಸಿದಳು. ಪಕ್ಕದಲ್ಲಿ ಕೂತಿದ್ದ ಹಿರಿಯ ಅಧ್ಯಾಪಕರು ನನ್ನ ಕೈ ಹಿಡಿದು ಬಿಟ್ಟರು. ವಿಧವೆಯ ಕೈಯನ್ನು ಎಲ್ಲರೂ ಹಾಗೇ ಹಿಡಿದು ಬಿಡುತ್ತಾರೆ.

ಸಿನಿಮಾದ ಹೆಸರು ‘ಕಪಿತಾನ್ ಬಾಗಾ’. ಬಾಗಾ ಎಂದರೆ ಕೆಂಡ. ತೊಂದೊ ಎಂಬ ಬಡವರ ಕೇರಿಯ ಗಲ್ಲಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡವನಿಗೆ ಸಿಡಿಲು ಬಡಿದು ಮೈಯೊಳಗೆ ಬೆಂಕಿ ಸೇರಿಕೊಳ್ಳುತ್ತದೆ. ಅವನು ಹಾರುತ್ತಾನೆ, ಕಬ್ಬಿಣ ಕರಗಿಸುತ್ತಾನೆ, ಗಲ್ಲಿ ಕೆಡವಲು ಬಂದ ಬುಲ್ಡೋಜರನ್ನು ಕಡುಬಿನ ಹಾಗೆ ಹಿಚುಕುತ್ತಾನೆ. ಆದರೆ ಅವನನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದವರ ಕೈ ಸುಡುತ್ತದೆ. ಮುಟ್ಟಬಲ್ಲವನು ಒಬ್ಬನೇ, ಐಸ್ ಕಾರ್ಖಾನೆಯಲ್ಲಿ ದುಡಿಯುವ ಗೆಳೆಯ ತೋನ್ಯೊ. ಅವನ ಅಂಗೈ ಯಾವಾಗಲೂ ತಣ್ಣಗೆ. ಹೊಡೆದಾಟ ಮುಗಿದ ಮೇಲೆ ತೋನ್ಯೊ ಮಂಜುಗಡ್ಡೆಯನ್ನು ಗೆಳೆಯನ ಬೆನ್ನಿಗೆ ಒತ್ತಿ ಹಿಡಿಯುತ್ತಾನೆ. ಹಬೆ ಏಳುತ್ತದೆ.

ಆ ಚಿತ್ರಕಥೆಯ ಪ್ರತಿ ಪುಟವನ್ನೂ ನಾನು ಓದಿದ್ದೆ. ನಾನು ರಸಾಯನಶಾಸ್ತ್ರ ಓದಿದವಳು, ನಗರದ ಕುಡಿಯುವ ನೀರನ್ನು ಪರೀಕ್ಷಿಸುವ ಕಡೆ ಕೆಲಸ. “ಅಷ್ಟು ಕಾದ ಮೈಗೆ ಗಡ್ಡೆ ಇಟ್ರೆ ಅದು ಸೀಳಿ ಚೂರಾಗತ್ತೆ, ಇಷ್ಟು ನಿಧಾನಕ್ಕೆ ಕರಗಲ್ಲ” ಎಂದು ಅಮಾದೊಗೆ ಹೇಳಿದ್ದೆ. “ನಿಧಾನಕ್ಕೇ ಕರಗ್ಲಿ ಬಿಡೇ, ಚೆನ್ನಾಗಿರತ್ತೆ” ಎಂದಿದ್ದ. ನನಗೆ ಅದರಲ್ಲಿ ಕಂಡ ತಪ್ಪು ಅದೊಂದೇ.

ಸಿನಿಮಾ ಅವನು ಹೋದ ಮೇಲೆ ಕ್ರಿಸ್‌ಮಸ್‌ಗೆ ಬಂತು. ನಮ್ಮ ಬೀದಿಯ ಮಕ್ಕಳು ಕೆಂಪು ಟವೆಲ್ಲನ್ನು ಕೊರಳಿಗೆ ಕಟ್ಟಿಕೊಂಡು ಗೋಡೆಯಿಂದ ಗೋಡೆಗೆ ಹಾರಿದರು. ಒಬ್ಬ ಕೈ ಮುರಿದುಕೊಂಡ. ಅವನ ತಾಯಿ ನನ್ನ ಹತ್ತಿರ ಬಂದು, “ನಿಮ್ಮ ಯಜಮಾನ್ರು ಇದ್ದಿದ್ರೆ ಬೈದು ಹೋಗ್ತಿದ್ದೆ” ಎಂದು ಹೇಳಿ, ಒಂದು ತಟ್ಟೆ ಅನ್ನದ ಸಿಹಿ ಕೊಟ್ಟು ಹೋದಳು.

ಅವತ್ತು ಸಿನಿಮಾ ಮುಗಿದ ಮೇಲೆ ಮಾತಾಡಲು ಎದ್ದವನು ರೊಮೆಲ್ ಎಂಬ ವಿದ್ಯಾರ್ಥಿ. ಉಗುರಿಗೆ ನೇರಳೆ ಬಣ್ಣ, ಕೈಯಲ್ಲಿ ಬೀಸಣಿಗೆ. ಅವನು ಎದ್ದ ಕೂಡಲೇ ಹಿಂದಿನ ಸಾಲಿನ ಗೆಳತಿಯರು ಕೇಕೆ ಹಾಕಿದರು.

“ಮೊದಲೇ ಹೇಳ್ಬಿಡ್ತೀನಿ. ಹೊಡೆದಾಟದ ಸಿನಿಮಾ ಅಂತ ಬಂದಿರೋರು ಎದ್ದು ಹೋಗಿ ಹೊರಗೆ ಕಡ್ಲೆಕಾಯಿ ತಿನ್ನಿ. ಇದು ಪ್ರೇಮದ ಸಿನಿಮಾ. ಆ ಪತ್ರಕರ್ತೆ ಬಿಯಾಂಕಾ ಜೊತೆ ಪ್ರೇಮ ಅಂದ್ಕೊಂಡ್ರಾ? ಪಾಪ, ಅವಳಿಗೆ ಇಡೀ ಸಿನಿಮಾದಲ್ಲಿ ಒಂದು ಮುತ್ತೂ ಸಿಕ್ಕಿಲ್ಲ. ಅವಳು ಬರೋದೇ ನಿರ್ಮಾಪಕರಿಗೆ ಸಮಾಧಾನ ಆಗ್ಲಿ ಅಂತ.”

ನಗು. ನಾನೂ ನಕ್ಕೆ. ಬಿಯಾಂಕಾಳನ್ನು ನಿರ್ಮಾಪಕರೇ ಸೇರಿಸಿದ್ದು ನಿಜ.

ಅವನು ಮಂಜುಗಡ್ಡೆಯ ದೃಶ್ಯವನ್ನು ಮತ್ತೆ ಹಾಕಿದ. ತೋನ್ಯೊ ಗೆಳೆಯನ ಅಂಗಿಯ ಗುಂಡಿ ಬಿಚ್ಚುತ್ತಿದ್ದ.

“ನೋಡಿ. ಪ್ರತಿ ಸಲ ಅಂಗಿ ಬಿಚ್ಚೋದು ತೋನ್ಯೊನೇ. ನಮ್ಮ ಕಪಿತಾನ್‌ಗೆ ಬುಲ್ಡೋಜರ್ ಹಿಚುಕೋಕೆ ಬರತ್ತೆ, ಗುಂಡಿ ಬಿಚ್ಚೋಕೆ ಬರಲ್ವಾ? ಒಂದು ಗುಂಡಿ. ಎರಡನೇ ಗುಂಡಿ. ಕ್ಯಾಮೆರಾ ಎಲ್ಲಿಗೂ ಹೋಗ್ತಾ ಇಲ್ಲ. ಬುಲ್ಡೋಜರ್‌ಗೂ ಇಷ್ಟು ಹೊತ್ತು ಕೊಟ್ಟಿಲ್ಲ ನೋಡಿ. ಆಮೇಲೆ ಉರಿ, ಆಮೇಲೆ ಹಬೆ, ಆಮೇಲೆ ಇಬ್ರೂ ಗೋಡೆಗೆ ಒರಗಿ ಒಂದೇ ಸಿಗರೇಟು. ಇದನ್ನ ಬಿಡಿಸಿ ಹೇಳ್ಬೇಕಾ? ಮುಂದೆ ಮೇಷ್ಟ್ರು ಕೂತಿದಾರೆ.”

ಸಭೆ ಹೋ ಎಂದಿತು. ಬಲಗಡೆಯಿಂದ ದಪ್ಪ ದನಿಯೊಂದು ಕೂಗಿತು, “ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ ಕಣೋ!”

“ಹಳದಿ ಬಣ್ಣಾನೇ ಬಳಿದಿಟ್ಟಿದ್ರೆ ಕಾಮಾಲೆ ಇಲ್ದೋರಿಗೂ ಹಳದೀನೇ ಕಾಣತ್ತಣ್ಣಾ. ಕಾಣದೇ ಇರೋಕೆ ನೀನು ಎಷ್ಟು ಕಷ್ಟಪಡ್ತಿದೀಯ ಅಂತ ನನಗೆ ಇಲ್ಲಿಂದ್ಲೇ ಕಾಣ್ತಿದೆ.”

ಅಧ್ಯಾಪಕರು ಮೈಕನ್ನು ನನ್ನ ಕಡೆ ಚಾಚಿದರು. “ಸಾಲ್ವೆ ಅವರು ಏನಾದ್ರೂ ಹೇಳ್ತಾರಾ?”

ಎದ್ದು ನಿಂತೆ. ಸಿಟ್ಟು ಬಂದಿತ್ತು. ಒಂದು ವರ್ಷದಲ್ಲಿ ನನಗೆ ಮೊದಲ ಸಲ ಬಂದದ್ದು ಅದೇ. “ಇದು ಮಕ್ಕಳ ಸಿನಿಮಾ. ನನ್ನ ಗಂಡ ಮಕ್ಕಳಿಗೆ ಅಂತ ಬರೆದದ್ದು. ಸತ್ತವರು ಎದ್ದು ಬಂದು ಅಲ್ಲ ಅನ್ನೋಕಾಗಲ್ಲ ಅಂತ ನೀವು ಏನು ಬೇಕಾದ್ರೂ ಹೇಳ್ಬಹುದು” ಎಂದೆ. ಕೆಲವರು ಚಪ್ಪಾಳೆ ತಟ್ಟಿದರು. ರೊಮೆಲ್ ಬೀಸಣಿಗೆ ಮಡಚಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

“ಕ್ಷಮಿಸಿ ಅಕ್ಕಾ. ನಿಮ್ಮ ಯಜಮಾನ್ರನ್ನ ಆಡ್ಕೊಳ್ಳೋಕೆ ನಾನು ಬಂದಿಲ್ಲ. ನಾನು ಇದನ್ನ ಹದಿನಾಲ್ಕು ಸಲ ನೋಡಿ ಅತ್ತಿದೀನಿ. ಇನ್ನೊಂದೇ ಒಂದು ಚಿತ್ರ ಇದೆ. ಅದನ್ನ ನೋಡಿ ಆಮೇಲೆ ಬೈರಿ.”

ಅದು ಕೊನೆಯ ದೃಶ್ಯ. ದೋಣಿ ಮುಳುಗುತ್ತಿದೆ. ಕಪಿತಾನ್ ಬಾಗಾನ ಬೆಂಕಿ ಆರಿದೆ, ತೋನ್ಯೊ ಅವನನ್ನು ಹಿಡಿದು ಹಲಗೆಯ ಮೇಲೆ ಮೊಣಕಾಲೂರಿದ್ದಾನೆ. ಇಬ್ಬರೂ ಸೇರಿ ಒಂದು ಲಾಂದ್ರ ಹಚ್ಚುತ್ತಾರೆ, ಯಾರಾದರೂ ನೋಡಲಿ ಎಂದು. ಗಾಳಿಗೆ ದೋಣಿಯ ಬಿಳಿ ಹೊದಿಕೆ ಹರಿದು ಬಂದು ಇಬ್ಬರ ತಲೆಯ ಮೇಲೂ ಬೀಳುತ್ತದೆ. ಆಮೇಲೆ ಕಾಪಾಡಲು ಬಂದವರು ಹಗ್ಗ ಎಸೆಯುತ್ತಾರೆ. ಹಗ್ಗ ಗಾಳಿಯಲ್ಲಿ ತಿರುಚಿ, ಒಂದು ಕುಣಿಕೆ ಇವನ ಹೆಗಲಿಗೆ, ಒಂದು ಕುಣಿಕೆ ಅವನ ಹೆಗಲಿಗೆ, ನಡುವೆ ಹಗ್ಗ ಅಡ್ಡಹಾಯ್ದು ನಿಲ್ಲುತ್ತದೆ. ರೊಮೆಲ್ ಅಲ್ಲಿಗೆ ನಿಲ್ಲಿಸಿದ.

“ಈ ಹಗ್ಗಾನ ಎಲ್ಲಿ ನೋಡಿದೀರಿ?”

ಆ ಸಭೆಯಲ್ಲಿ ಅದನ್ನು ನೋಡದವರು ಒಬ್ಬರೂ ಇರಲಿಲ್ಲ. ಅಕ್ಕನ ಮದುವೆಯಲ್ಲಿ, ಚಿಕ್ಕಪ್ಪನ ಮದುವೆಯಲ್ಲಿ, ಪಾದ್ರಿಯ ಮುಂದೆ ಮೊಣಕಾಲೂರಿದ ಗಂಡು ಹೆಣ್ಣಿನ ಹೆಗಲಿಗೆ ಬೀಳುವ ಹಗ್ಗ. ಮೊದಲು ಮೇಣದಬತ್ತಿ, ಆಮೇಲೆ ಬಿಳಿ ಮುಸುಕು, ಆಮೇಲೆ ಹಗ್ಗ. ನಮ್ಮಲ್ಲಿ ಕ್ರಮ ಅದು.

“ಬತ್ತಿ, ಮುಸುಕು, ಹಗ್ಗ” ಎಂದ ರೊಮೆಲ್. “ಪಾದ್ರಿ ಒಬ್ಬ ಬಾಕಿ, ಅಷ್ಟೇ.”

“ಪಾದ್ರೀನೂ ಇದಾನೆ!” ಎಂದು ಹಿಂದಿನಿಂದ ಒಬ್ಬಳು ಕಿರುಚಿದಳು. “ಎಡಗಡೆ ನೋಡ್ರೋ, ಎಡಗಡೆ! ಆ ಚಿಕ್ಕ ದೋಣೀಲಿ!”

ಇದ್ದ. ಎಡ ಮೂಲೆಯ ಪುಟ್ಟ ದೋಣಿಯಲ್ಲಿ, ನೆನೆದು ತೊಪ್ಪೆಯಾದ ಮುದಿ ಪಾದ್ರಿಯೊಬ್ಬ ಕೈ ಎತ್ತಿದ್ದ. ಬದುಕಿದವರಲ್ಲಿ ಒಬ್ಬ ಎಂದು ನಾನು ಅಷ್ಟು ಸಲವೂ ಅಂದುಕೊಂಡಿದ್ದೆ. ಎತ್ತಿದ ಕೈ ಆ ಇಬ್ಬರ ಕಡೆಗಿತ್ತು.

ಸಭೆ ಅಲ್ಲೋಲಕಲ್ಲೋಲವಾಯಿತು. ಕುರ್ಚಿಗಳ ಮೇಲೆ ಹತ್ತಿದರು. ಕಾಮಾಲೆಯ ಮಾತಾಡಿದವನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡು, “ಅಯ್ಯಯ್ಯೋ, ನಮ್ಮಜ್ಜಿ ಜೊತೆ ನೋಡಿದ್ನಲ್ಲೋ ಇದನ್ನ!” ಎನ್ನುತ್ತಿದ್ದ. ರೊಮೆಲ್ಲನೂ ಬಾಯಿ ತೆರೆದು ಪರದೆಯನ್ನೇ ನೋಡುತ್ತಿದ್ದ. ಪಾದ್ರಿಯನ್ನು ಅವನೂ ಕಂಡಿರಲಿಲ್ಲ.

ನಾನು ಕೂತೆ. ನನ್ನ ಮದುವೆಯಲ್ಲಿ ನಮ್ಮಿಬ್ಬರ ಹೆಗಲಿಗೆ ಹಗ್ಗ ಹಾಕಿದವನು ಅಮಾದೊನ ಗೆಳೆಯ ಸೆವೆರಿನೊ. ನಾವು ವೆರಿಂಗ್ ಎನ್ನುತ್ತೇವೆ. ಅಮಾದೊ ಕತೆ ಬರೆಯುತ್ತಿದ್ದ, ವೆರಿಂಗ್ ಚಿತ್ರ ಬಿಡಿಸುತ್ತಿದ್ದ. ಇಬ್ಬರೂ ಸೇರಿ ವಾರಪತ್ರಿಕೆಯೊಂದಕ್ಕೆ ಕಾಮಿಕ್ಸ್ ಮಾಡುತ್ತಿದ್ದರು.

ಇಷ್ಟಾದರೂ ಅದು ಬರೀ ಸಿನಿಮಾ ಎನ್ನಬಹುದಿತ್ತು. ರೊಮೆಲ್ ಹೇಳದೆ ಬಿಟ್ಟ ದೃಶ್ಯವೊಂದು ಇಲ್ಲದಿದ್ದರೆ.

ಅಮಾದೊ ಸತ್ತದ್ದು ನಿದ್ದೆಯಲ್ಲಿ. ನಮ್ಮಲ್ಲಿ ಅದಕ್ಕೆ ಬಂಗುಂಗೊತ್ ಎನ್ನುತ್ತಾರೆ. ಗಟ್ಟಿಮುಟ್ಟಾದ ಗಂಡಸು ಉಂಡು ಮಲಗಿ, ಕೆಟ್ಟ ಕನಸಿನಲ್ಲಿ ನರಳಿ, ಬೆಳಿಗ್ಗೆ ಏಳುವುದಿಲ್ಲ. ನರಳುವವನ ಕಾಲಿನ ಹೆಬ್ಬೆರಳು ಎಳೆದರೆ ಬದುಕುತ್ತಾನೆ ಎಂದು ಎಲ್ಲ ಅಜ್ಜಿಯರೂ ಹೇಳುತ್ತಾರೆ. ಸಿನಿಮಾದಲ್ಲಿ ಕಪಿತಾನ್ ಬಾಗಾಗೂ ಆ ಕನಸು ಇದೆ. ಅದಕ್ಕೇ ತೋನ್ಯೊ ಮಲಗುವ ಮುಂಚೆ ಗೆಳೆಯನ ಹೆಬ್ಬೆರಳಿಗೆ ದಾರದ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಾನೆ. ಕಾಲು ಅದುರಿದರೆ ಇವನಿಗೆ ಎಚ್ಚರ. ಚಿತ್ರಮಂದಿರದಲ್ಲಿ ಮಕ್ಕಳು ಅದಕ್ಕೆ ನಗುತ್ತಾರೆ.

ಬುಧವಾರದ ರಾತ್ರಿ ಅಮಾದೊ ಮನೆಗೆ ಬರುತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಪತ್ರಿಕೆಗೆ ಪುಟ ಕೊಡಬೇಕಿತ್ತು. ವೆರಿಂಗ್ ಮನೆಯಲ್ಲೇ ಕೂತು ಮುಗಿಸಿ, ಅಲ್ಲೇ ಮಲಗಿ ಬರುತ್ತಿದ್ದ. ಬಂದು ಚಪ್ಪಲಿ ಬಿಟ್ಟಾಗ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಸಣ್ಣ ಕೆಂಪು ಗೆರೆ ಇರುತ್ತಿತ್ತು. ಉಂಗುರದ ಹಾಗೆ, ಸುತ್ತಲೂ. “ಚಪ್ಪಲಿ ಕಚ್ಚಿದೆ” ಎನ್ನುತ್ತಿದ್ದ. ನಾನು ಮುಲಾಮು ಹಚ್ಚುತ್ತಿದ್ದೆ.

ನನ್ನ ಪಕ್ಕದಲ್ಲಿ ಮಲಗಿದಾಗಲೂ ಒಮ್ಮೊಮ್ಮೆ ನರಳುತ್ತಿದ್ದ. ಎದೆಯ ಮೇಲೆ ಕೈ ಇಟ್ಟರೆ ಎಚ್ಚರವಾಗುತ್ತಿತ್ತು. “ಏನಿಲ್ಲ, ಮಲಕ್ಕೋ. ವೆರಿಂಗ್ ಮನೇಲಿ ಒಂದು ರಾತ್ರಿನಾದ್ರೂ ಒಳ್ಳೆ ನಿದ್ದೆ ಬರತ್ತಲ್ಲ, ಅಲ್ಲಿ ಕನಸೇ ಇಲ್ಲ” ಎನ್ನುತ್ತಿದ್ದ. ಕನಸಿಲ್ಲದವನ ಕಾಲಿಗೆ ದಾರ ಯಾಕೆ?

ಕೊನೆಯ ರಾತ್ರಿ ಅವನು ನನ್ನ ಪಕ್ಕದಲ್ಲಿದ್ದ. ನನಗೆ ಸದ್ದು ಕೇಳಲಿಲ್ಲ. ದಾರ ಇದ್ದಿದ್ದರೆ ಸದ್ದು ಬೇಕಿರಲಿಲ್ಲ.

ಅಂದರೆ ಅದು ಅವನಿಗೆ ಗೊತ್ತಿತ್ತು. ಒಂದು ಮೊಳ ದಾರದಿಂದ ಜೀವ ಉಳಿಯುತ್ತದೆಂದು ಗೊತ್ತಿದ್ದೂ ವಾರದ ಆರು ರಾತ್ರಿ ನನ್ನ ಪಕ್ಕದಲ್ಲಿ ಬರಿಗಾಲಲ್ಲಿ ಮಲಗಿದ್ದ. ಗಂಡ ಇನ್ನೊಬ್ಬನ ಜೊತೆ ಮಲಗುತ್ತಿದ್ದ ಎಂಬುದು ಕೂಡ ಆ ಹೊತ್ತಿಗೆ ನನಗೆ ಆಮೇಲಿನ ಮಾತಾಗಿತ್ತು. ಅವನು ನನಗೆ ಯಾಕೆ ಕಟ್ಟು ಎನ್ನಲಿಲ್ಲ? ಅದೊಂದು ತಿಳಿಯಬೇಕಿತ್ತು.

ಮನೆಯಲ್ಲಿ ನಾನಾಯ್ ತೆಂಗಿನಕಾಯಿ ತುರಿಯುತ್ತಿದ್ದರು. ನಾನಾಯ್ ಎಂದರೆ ನನ್ನ ಅತ್ತೆ, ಅಮಾದೊನ ತಾಯಿ. ಅವನು ಹೋದ ಮೇಲೂ ನಾನು ಅವರ ಜೊತೆಗೇ ಇದ್ದೇನೆ. ಭಾನುವಾರದ ಊಟಕ್ಕೆ ಆಗಲೇ ಬುಟ್ಟಿಗಟ್ಟಲೆ ಅಕ್ಕಿ, ಬಾಳೆಎಲೆ ಬಂದು ಬಿದ್ದಿತ್ತು.

“ಹೇಗಾಯ್ತೇ? ಚಪ್ಪಾಳೆ ಹೊಡೆದ್ರಾ?”

“ಹೊಡೆದ್ರು.”

“ಊಟ ಹಾಕಿದ್ರಾ?”

“ಬ್ರೆಡ್ಡು ಕೊಟ್ರು.”

“ವಿಶ್ವವಿದ್ಯಾಲಯ ಅಂತೆ, ಬ್ರೆಡ್ಡಂತೆ. ನನ್ನ ಮಗನ ಹೆಸರಲ್ಲಿ ಕರೆದು ಬ್ರೆಡ್ಡು ಕೊಟ್ಟು ಕಳಿಸಿದಾರೆ.”

ಎದುರಿಗೆ ಮಣೆ ಎಳೆದುಕೊಂಡು ಕೂತೆ. ನಾನಾಯ್‌ಗೆ ಏನೂ ತಿಳಿಯಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ದಿನಾ ಜಪಮಾಲೆ ಹಿಡಿಯುವ ಹೆಂಗಸು. ಸುಮ್ಮನೆ ಕೇಳುವವಳ ಹಾಗೆ ಕೇಳಿದೆ.

“ನಾನಾಯ್, ಸಿನಿಮಾ ಕೊನೇಲಿ ಹಗ್ಗ ಬೀಳತ್ತಲ್ಲ.”

“ಹ್ಞೂಂ. ಅಲ್ಲಿ ನಾನು ಪ್ರತಿ ಸಲ ಅಳ್ತೀನಿ. ಪ್ರಾರ್ಥನೆ ಗುಂಪಿನೋರನ್ನ ಕರ್ಕೊಂಡು ಹೋಗಿದ್ನಲ್ಲ, ಅವತ್ತೂ ಅತ್ತೆ. ಮೂಗು ಒರೆಸಿಕೊಳ್ಳೋಕೆ ಕರವಸ್ತ್ರಾನೂ ಇಲ್ಲ, ಆ ಪಾಪ್‌ಕಾರ್ನ್ ಪೊಟ್ಟಣದಲ್ಲೇ ಒರೆಸಿಕೊಂಡೆ.”

“ಇಬ್ರೂ ಬದುಕಿದ್ರಲ್ಲ ಅಂತ ಅಳು ಬಂತಾ?”

“ಬದುಕಿದ್ದಕ್ಕೆ ಯಾರಾದ್ರೂ ಅಳ್ತಾರೇನೇ? ಮದುವೆ ಅಲ್ವಾ ಅದು. ಮದುವೇಲಿ ತಾಯಿ ಅಳದೇ ಇರ್ತಾಳಾ?”

ತುರಿಯುವ ಸದ್ದು ನಿಲ್ಲಲಿಲ್ಲ. ಬಿಳಿ ತುರಿ ಬಟ್ಟಲಿಗೆ ಬೀಳುತ್ತಲೇ ಇತ್ತು.

“ನಿಮಗೆ ಗೊತ್ತಿತ್ತಾ?”

“ಏನು?”

“ಅಮಾದೊ. ವೆರಿಂಗ್.”

ಆಗ ಕೈ ನಿಂತಿತು. ನಾನಾಯ್ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಅವರ ಮುಖದಲ್ಲಿ ಇದ್ದದ್ದು ನಾಚಿಕೆಯಲ್ಲ, ಗಾಬರಿ.

“ನಿನಗೆ ಗೊತ್ತಿರ್ಲಿಲ್ವಾ?”

“ಗೊತ್ತಿದ್ದೂ ಮದುವೆ ಮಾಡಿಸಿದ್ರಾ ನನಗೆ?”

“ನಾನೆಲ್ಲಿ ಮಾಡಿಸ್ದೆ ಮಗಳೇ? ಅವನೇ ಬಂದು ಹೇಳ್ದ. ಸಾಲ್ವೆ ಅಂತ ಒಬ್ಬಳಿದಾಳೆ, ಒಂದು ಗುಟುಕು ಕುಡಿದು ಯಾವ ಬೀದಿ ನೀರು ಅಂತ ಹೇಳ್ತಾಳೆ ಅಂತ. ಮುಖ ಅರಳಿತ್ತು ಕಣೇ, ಸುಳ್ಳಲ್ಲ. ವೆರಿಂಗ್ ಗತಿ ಏನೋ ಅಂತ ಕೇಳ್ದೆ. ಸುಮ್ನಾದ. ನಾನೂ ಸುಮ್ನಾದೆ.”

“ಸುಮ್ನಾದ್ರಿ.”

“ಇನ್ನೇನು ಮಾಡ್ಲಿ? ಈ ಮನೇಲಿ ಎಲ್ರೂ ಸುಮ್ನಿದ್ರು. ಬುಧವಾರ ಬುಧವಾರ ನೀನೇ ಬುತ್ತಿ ಕಟ್ಟಿ ಕಳಿಸ್ತಿದ್ದೆ, ಇಬ್ರಿಗೂ ಸೇರಿಸಿ. ನೀನೂ ಗೊತ್ತಿದ್ದೇ ಸುಮ್ನಿದೀಯ ಅಂದ್ಕೊಂಡೆ. ಎಷ್ಟು ದೊಡ್ಡ ಮನಸ್ಸು ಈ ಹುಡುಗೀದು ಅಂತ ನಿನ್ನ ಹೆಸರಲ್ಲಿ ಮೇರಿಮಾತೆಗೆ ಎಷ್ಟು ಮೇಣದಬತ್ತಿ ಹಚ್ಚಿದೀನಿ ಗೊತ್ತಾ?”

ಆ ಮೇಣದಬತ್ತಿಗಳು ಕಣ್ಣಿಗೆ ಬಂದವು. ನನಗೆ ಇಲ್ಲದ ದೊಡ್ಡ ಮನಸ್ಸಿಗೆ ಇಗರ್ಜಿಯಲ್ಲಿ ಸಾಲಾಗಿ ಉರಿದ ಬತ್ತಿಗಳು. ನಗು ಬಂತು. ಬಂದ ಸದ್ದು ನಗುವಿನ ಹಾಗಿರಲಿಲ್ಲ. ನಾನಾಯ್ ಎದ್ದು ಬಂದು ತೆಂಗಿನ ಹಾಲಿನ ಕೈಯಲ್ಲೇ ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು.

ಸ್ವಲ್ಪ ಹೊತ್ತಾದ ಮೇಲೆ ಹೇಳಿದರು, “ಭಾನುವಾರ ವೆರಿಂಗ್ ಬರಬೇಕು. ಮಣ್ಣು ಮಾಡಿದ ಮೇಲೆ ಈ ಕಡೆ ತಲೆ ಹಾಕಿಲ್ಲ. ನಾನು ಎರಡು ಸಲ ಹೇಳಿ ಕಳಿಸ್ದೆ. ಹೆಂಡತಿ ಕರೆದ್ರೆ ಬರ್ತಾನೆ.”

“ನಾನು ಕರೀಬೇಕಾ?”

“ಇನ್ಯಾರು ಹೆಂಡತಿ?”

ನಾನು ಉಳಿದ ತೆಂಗಿನ ಹೋಳನ್ನು ಎತ್ತಿಕೊಂಡು ತುರಿಯತೊಡಗಿದೆ.

ಮರುದಿನ ಬೆಳಿಗ್ಗೆ ವೆರಿಂಗ್ ಇರುವ ಮಲಾಬೊನ್‌ಗೆ ಹೋದೆ. ಕರೆಯಲು ಹೋದೆನೋ, ಕೇಳಲು ಹೋದೆನೋ, ಹೊಡೆಯಲು ಹೋದೆನೋ. ಸಮುದ್ರದ ಉಬ್ಬರಕ್ಕೆ ಅವನ ಗಲ್ಲಿಯಲ್ಲಿ ಮೊಣಕಾಲ ಕೆಳಗಿನಷ್ಟು ನೀರು ನಿಂತಿತ್ತು. ಜನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೆಲಸಕ್ಕೆ ಹೋಗುತ್ತಿದ್ದರು. ವೆರಿಂಗ್ ಇರುವುದು ಒಣಮೀನಿನ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಬಾಗಿಲು ತೆರೆದೇ ಇತ್ತು. ಇಳಿಜಾರು ಮೇಜಿನ ಮುಂದೆ ಎಡಗೈಯಲ್ಲಿ ಕುಂಚ ಹಿಡಿದು ಕೂತಿದ್ದ. ತೀರ ಸೊರಗಿದ್ದ.

“ಅತ್ತಿಗೆ” ಎಂದು ಎದ್ದ. “ತಿಂಡಿ ಆಯ್ತಾ? ಬನ್ನಿ, ಬ್ರೆಡ್ಡು ಬಿಸಿ ಇದೆ.”

ಹಾಸಿಗೆ ಒಂದೇ. ನೆಲದ ಮೇಲಿನ ಚಾಪೆ. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವನು ನೋಡಿದ. ಕೆಟಲ್ ಕೆಳಗಿಟ್ಟ.

“ನಿನ್ನೆ ಸಿನಿಮಾ ತೋರಿಸಿದ್ರು” ಎಂದೆ. “ಒಬ್ಬ ಹುಡುಗ ಮಾತಾಡ್ದ. ಹಗ್ಗದ್ದೆಲ್ಲಾ ಹೇಳ್ದ. ದಾರದ್ದು ಅವನು ಹೇಳಲಿಲ್ಲ. ಅದು ನನಗೇ ತಿಳೀತು.”

ಅವನು ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿದ.

“ಮದುವೆ ಆದ್ಮೇಲೂ?”

“ಬುಧವಾರ ಬುಧವಾರ” ಎಂದ ವೆರಿಂಗ್.

ಸುಳ್ಳು ಹೇಳಬಹುದಿತ್ತು. ಮದುವೆಗೆ ಮುಂಚೆ ಅಷ್ಟೇ, ಆಮೇಲೆ ಬರೀ ಕೆಲಸ ಎಂದಿದ್ದರೆ ನಾನು ನಂಬಲು ತಯಾರಿದ್ದೆ. ಅವನು ಅಷ್ಟೂ ಕರುಣೆ ತೋರಿಸಲಿಲ್ಲ.

“ಹೊಡೀಬೇಕು ಅನ್ಸಿದ್ರೆ ಹೊಡೀರಿ ಅತ್ತಿಗೆ. ಎಡಗೈ ಒಂದು ಬಿಟ್ಟು. ಹೊಟ್ಟೆಪಾಡು ಅದ್ರಲ್ಲಿದೆ.”

“ನಮ್ಮ ಹೆಗಲಿಗೆ ಹಗ್ಗ ಹಾಕಿದ್ದು ಯಾವ ಕೈಲಿ?”

“ಎರಡರಲ್ಲೂ” ಎಂದ. ಆಮೇಲೆ ಕೂತುಬಿಟ್ಟ. “ಅವನೇ ಕೇಳ್ದ, ನೀನೇ ಹಾಕ್ಬೇಕು ಅಂತ. ಬೇರೆಯೋರು ಹಾಕಿದ್ರೆ ಆಗಲ್ಲ ಅಂದ. ಯಾಕೆ ಅಂತ ನನಗೆ ಸಿನಿಮಾ ಬಂದಾಗ್ಲೇ ಅರ್ಥ ಆಗಿದ್ದು. ಆ ಕೊನೇ ದೃಶ್ಯ ನನಗೆ ಅವನು ತೋರಿಸಿರ್ಲಿಲ್ಲ. ಸಾವಿರ ಜನರ ನಡುವೆ ಕೂತು ನೋಡ್ದೆ. ಎದ್ದು ಹೊರಗೆ ಹೋಗಿ ವಾಂತಿ ಮಾಡ್ಕೊಂಡೆ.”

ಕೆಳಗೆ ಯಾರೋ ಮೀನಿನ ಬೆಲೆಗೆ ಜಗಳವಾಡುತ್ತಿದ್ದರು. ನಾನು ಬಂದದ್ದು ಇದಕ್ಕಲ್ಲ ಎಂದು ನನಗೇ ಹೇಳಿಕೊಂಡೆ.

“ವೆರಿಂಗ್, ನಿನ್ನ ವಿಷಯ ನನಗೆ ಹೇಳದೇ ಇರ್ಲಿ. ಆದ್ರೆ ದಾರ ಕಟ್ಟು ಅಂತ ಅವನು ಯಾಕೆ ಹೇಳಲಿಲ್ಲ? ಅಜ್ಜಿ ಹೇಳ್ತಿದ್ಲು ಅಂದಿದ್ರೂ ಸಾಕಿತ್ತು. ದಿನಾ ಕಟ್ತಿದ್ದೆ. ಕೈಗೆ ಸುತ್ಕೊಂಡು ಮಲಗ್ತಿದ್ದೆ.”



“ನಾನೂ ಅದನ್ನೇ ಕೇಳ್ದೆ” ಎಂದ ವೆರಿಂಗ್. “ಬೈದೆ. ಒಂದು ರಾತ್ರಿ ನಾನು ನೋಡ್ಕೋತೀನಿ, ಉಳಿದ ರಾತ್ರಿ ಯಾರು ನೋಡ್ಕೋತಾರೆ, ಹೆಂಡತಿಗೆ ಹೇಳೋ ಅಂದೆ. ಬೇಡ ಅಂದ. ಸಾಲ್ವೆ ಪಕ್ಕ ಮಲಗಿದ್ರೆ ಕನಸೇ ಬರಲ್ಲ ಅಂದ.”

ನಾನು ಅವನ ಮುಖ ನೋಡಿದೆ.

“ನನಗೆ ಎಷ್ಟು ಹೊಟ್ಟೆ ಉರೀತು ಗೊತ್ತಾ ಅತ್ತಿಗೆ? ನನ್ನ ಪಕ್ಕ ವಾರಕ್ಕೊಂದು ಸಲ ಮಲಗ್ತಾನೆ, ಆ ಒಂದು ರಾತ್ರೀನೂ ಒದ್ದಾಡ್ತಾನೆ. ನಿಮ್ಮ ಹತ್ರ ಮಗು ಹಾಗೆ ನಿದ್ದೆ ಮಾಡ್ತಾನೆ. ಹಾಗಾದ್ರೆ ಅವನ ಮನೆ ಅದೇ ಅಂದ್ಕೊಂಡೆ. ನಿಮ್ಮ ಪಕ್ಕದಲ್ಲೇ ಹೋದ ಅಂತ ಸುದ್ದಿ ಬಂದಾಗ ಅಳು ಬರ್ಲಿಲ್ಲ ನನಗೆ. ನಿಮ್ಮ ಮೇಲೆ ಸಿಟ್ಟು ಬಂತು. ಕನಸು ಬರದ ಜಾಗದಲ್ಲಿ ಹೇಗೆ ಸತ್ತ? ಅದಕ್ಕೇ ನಾನು ಆ ಕಡೆ ಬರಲಿಲ್ಲ.”

ಗೋಡೆ ಹಿಡಿದು ನೆಲಕ್ಕೆ ಕೂತೆ.

“ನನಗೂ ಅದನ್ನೇ ಹೇಳಿದ್ದ” ಎಂದೆ.

“ಏನಂತ?”

“ವೆರಿಂಗ್ ಮನೇಲಿ ಕನಸೇ ಇಲ್ಲ ಅಂತ. ಅಲ್ಲಿ ಒಂದು ರಾತ್ರಿನಾದ್ರೂ ಒಳ್ಳೆ ನಿದ್ದೆ ಅಂತ. ನನ್ನ ಪಕ್ಕಾನೂ ನರಳ್ತಿದ್ದ, ವೆರಿಂಗ್. ಎಬ್ಬಿಸಿದಾಗೆಲ್ಲಾ ಇದನ್ನೇ ಹೇಳ್ತಿದ್ದ.”

ವೆರಿಂಗ್ ಮೇಜಿನ ಮೇಲಿನ ಮಸಿಯ ಕುಪ್ಪಿಯನ್ನು ಎತ್ತಿ, ಯಾಕೆ ಎತ್ತಿದೆ ಎಂದು ಮರೆತವನ ಹಾಗೆ ಮತ್ತೆ ಇಟ್ಟ. ಇಟ್ಟದ್ದು ಅಂಚಿಗೆ. ಅದು ಉರುಳಿ ಬಿತ್ತು. ಅರ್ಧ ಬಿಡಿಸಿದ ಪುಟದ ಮೇಲೆಲ್ಲ ಕಪ್ಪು ಹರಿಯಿತು. ಇಬ್ಬರೂ ಒರೆಸಲು ಏಳಲಿಲ್ಲ.

“ಇಬ್ರಿಗೂ” ಎಂದ.

“ಇಬ್ರಿಗೂ.”

“ಕಳ್ಳ ನನ್ಮಗ” ಎಂದ ವೆರಿಂಗ್. “ಕಳ್ಳ ನನ್ಮಗ. ಎಲ್ಲೂ ನಿದ್ದೆ ಇರ್ಲಿಲ್ವಾ ಅವನಿಗೆ?”

ಅದೇ ಉತ್ತರ. ಅದಕ್ಕಿಂತ ಹೆಚ್ಚಿನದು ಆ ಕೋಣೆಯಲ್ಲಿ ಇರಲಿಲ್ಲ. ನನ್ನ ಮೇಲಿನ ಪ್ರೀತಿ ಕಮ್ಮಿ ಎಂದೋ, ವೆರಿಂಗ್ ಮೇಲಿನದು ಹೆಚ್ಚು ಎಂದೋ ಲೆಕ್ಕ ಹಾಕಲು ಬಂದಿದ್ದೆ. ಅಮಾದೊ ಇಬ್ಬರ ಪಕ್ಕದಲ್ಲೂ ಒಂದೇ ಭಯದಲ್ಲಿ ಮಲಗಿ, ಇಬ್ಬರಿಗೂ ಒಂದೇ ಸುಳ್ಳು ಹೇಳಿದ್ದ. ಎದುರಿಗೆ ವೆರಿಂಗ್ ಅಳುತ್ತಿದ್ದ. ವರ್ಷದ ಹಿಂದೆ ಅಳಬೇಕಿದ್ದ ಅಳು. ನಾನು ಅವನನ್ನು ಮುಟ್ಟಲಿಲ್ಲ. ಸಮಾಧಾನ ಹೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಎದ್ದು ಹೋಗಲೂ ಇಲ್ಲ.

ಅವನ ಉಸಿರು ಹದಕ್ಕೆ ಬಂದ ಮೇಲೆ ಹೇಳಿದೆ, “ಭಾನುವಾರ ಹತ್ತು ಗಂಟೆಗೆ ಪೂಜೆ. ಆಮೇಲೆ ಮನೇಲಿ ಊಟ. ನಾನಾಯ್ ಬರಬೇಕು ಅಂದಿದಾರೆ.”

“ಹಿಂದೆ ಎಲ್ಲಾದ್ರೂ ನಿಂತು ಹೋಗ್ತೀನಿ.”

“ಮುಂದಿನ ಬೆಂಚಲ್ಲಿ ನಾನಾಯ್ ಕೂರ್ತಾರೆ. ಅವರ ಈ ಕಡೆ ನಾನು. ಆ ಕಡೆ ಖಾಲಿ ಇರತ್ತೆ.”

“ಜನ ಏನಂತಾರೆ?”

“ಪ್ರಾರ್ಥನೆ ಗುಂಪಿನೋರು ಸಿನಿಮಾ ನೋಡಿದಾರೆ.”

ಅವನು ಮುಖ ಒರೆಸಿಕೊಂಡ. ಮಸಿ ಕೆನ್ನೆಗೆ ಹತ್ತಿತು.

“ಕಪ್ಪು ಹಾಕ್ಕೊಂಡು ಬರ್ಲಾ ಅತ್ತಿಗೆ?”

ವರ್ಷದ ಪೂಜೆ ಎಂದರೆ ಮನೆಯವರು ಸಾವಿನ ದುಃಖಕ್ಕೆ ತೊಟ್ಟ ಕಪ್ಪು ಬಟ್ಟೆ ತೆಗೆಯುವ ದಿನ. ನನಗೆ ಉಡಿಸಲು ನಾನಾಯ್ ನೀಲಿ ಬಟ್ಟೆ ಹೊಲಿಸಿಟ್ಟಿದ್ದರು.

“ಅವತ್ತು ನಾವು ಕಪ್ಪು ತೆಗೀತೀವಿ, ವೆರಿಂಗ್.”

“ಗೊತ್ತು. ನಾನು ಇನ್ನೂ ಹಾಕ್ಕೊಂಡೇ ಇಲ್ಲ.”

ಮೇಜಿನಿಂದ ಮಸಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಹಾಕ್ಕೊಂಡು ಬಾ” ಎಂದೆ.

“ಎಷ್ಟು ದಿನ ಹಾಕ್ಕೋಬೇಕು?”

“ಮನೆಯೋರು ಒಂದು ವರ್ಷ ಹಾಕ್ಕೋತಾರೆ.”